ಪ್ರತಿ: ಮಂಗಳದಲ್ಲಿ ಆಮ್ಲಜನಕ ಸಿಕ್ಕರೆ ಸಾಕಾ?

ಮಂಗಳದಲ್ಲೇ ಆಮ್ಲಜನಕ ತಯಾರಾಯ್ತಲ್ಲ, ಅಲ್ಲಿ ಹೋಗಿ ಇರೋಕೆ ಇನ್ನೇನು ಅಡ್ಡಿ ಅಂತ ಕೇಳಿದ್ದೀರಿ. ತಯಾರಾಗಿದ್ದು ನಿಜ. ನಾಸಾದ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಅನ್ನೋ ಪೆಟ್ಟಿಗೆ ಅಲ್ಲಿನ ಗಾಳಿಯನ್ನು ಸುಮಾರು 800 ಡಿಗ್ರಿಗೆ ಕಾಯಿಸಿ, ವಿದ್ಯುತ್ ಹರಿಸಿ ಆಮ್ಲಜನಕ ಬೇರೆ ಮಾಡಿತು. ಆದರೆ 2021ರಿಂದ 2023ರವರೆಗೆ ಸಿಕ್ಕಿದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೇ 800 ಗ್ರಾಂಗಿಂತ ಜಾಸ್ತಿ ಬೇಕು! ಯಂತ್ರ ದೊಡ್ಡದು ಮಾಡಬಹುದು ಬಿಡಿ, ಅದಕ್ಕೆ ತಕ್ಕ ಕರೆಂಟೂ ಬೇಕಲ್ವಾ. ಉಸಿರಾಟದ್ದು ಸಣ್ಣ ಲೆಕ್ಕ. ವಾಪಸ್ ಬರುವ ರಾಕೆಟ್‌ನ ಇಂಧನ ಉರಿಸುವುದಕ್ಕೇ ಟನ್‌ಗಟ್ಟಲೆ ಆಮ್ಲಜನಕ ಬೇಕು. ಒಂದು ಸಲ ಹೋಗಿ ಬರುವುದು ಆದೀತು. ನೆಲೆಸುವುದು ಸದ್ಯಕ್ಕಿಲ್ಲ ಅಂತಲೇ ನನ್ನ ಅಂದಾಜು. ಯಾಕಂದ್ರೆ ಭೂಮಿಯಿಂದ ಅಲ್ಲಿಗೆ ಹೊರಡಲು ಅನುಕೂಲದ ಸಮಯ ಬರುವುದು ಸುಮಾರು 26 ತಿಂಗಳಿಗೊಮ್ಮೆ. ನಡುವೆ ಒಂದು ಪಂಪು ಕೆಟ್ಟರೆ ಅಲ್ಲೇ ರಿಪೇರಿ ಮಾಡಿಕೊಳ್ಳಬೇಕು.