ಬಾಯಿ ಯಾವ ಕಡೆಗಿದೆ, ಮೊದಲು ಅದನ್ನು ನೋಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಸಿಹಿನೀರಿನ ಬಸವನಹುಳು

ಮಳೆ ಇಳಿದು ಗದ್ದೆ ನೀರು ತಿಳಿಯಾಗುತ್ತಿದ್ದಂತೆ ಬಸವನಹುಳುವಿನ ಫೋಟೊಗಳು ಬರತೊಡಗುತ್ತವೆ. ಜೊತೆಗೆ ಒಂದೇ ಸಾಲು: ‘ಕಂದು ಬಣ್ಣ ಇದೆ, ಯಾವುದು?’ ಪಾಚಿ ಹತ್ತಿದರೆ ಚಿಪ್ಪು ಹಸಿರು, ಕೆಮ್ಮಣ್ಣಿನ ಕೆಸರು ಕೂತರೆ ಕೆಂಪು, ಸತ್ತು ಬಿಸಿಲಿಗೆ ಬಿದ್ದರೆ ಬಿಳಿ. ಬಣ್ಣ ಹೇಳಿ ಹೆಸರು ಕೇಳುವ ಪತ್ರಗಳಿಗೆ ಇನ್ನು ಮುಂದೆ ಉತ್ತರವಿಲ್ಲ.

ಪೊನ್ನಂಪೇಟೆ ಕಡೆಯ ಓದುಗರು: ಗದ್ದೆ ಪಕ್ಕದ ಕೆರೆಯಲ್ಲಿ ತೆಳು ಚಿಪ್ಪಿನ, ಮೊನೆಯಿರುವ ಸಣ್ಣ ಹುಳುಗಳು ರಾಶಿ ಬಿದ್ದಿವೆ. ಲಿಮ್ನಿಯ ಎಂದು ಒಬ್ಬರು, ಫೈಸ ಎಂದು ಇನ್ನೊಬ್ಬರು ಹೇಳುತ್ತಾರೆ. ದನಗಳು ಅಲ್ಲೇ ನೀರಿಗಿಳಿಯುತ್ತವೆ. ಅವಕ್ಕೆ ಲಿವರ್ ಜಂತು, ಮೂಗಿಗೆ ಜಂತು ಸೇರಿ ಬರುವ ಗೊರಕೆ ರೋಗ ಬರುತ್ತದೆಯೇ? ಫೋಟೊ ಇಟ್ಟಿದ್ದೇನೆ.

ಫೋಟೊದಲ್ಲಿ ಹುಳುವಿನ ಬಾಯಿ ಎಡಕ್ಕಿದೆ, ಹಾಗಾಗಿ ಫೈಸ ಎನ್ನಬೇಕು. ಆದರೆ ಪಕ್ಕದಲ್ಲಿಟ್ಟ ಬೆಂಕಿಪೊಟ್ಟಣದ ಅಕ್ಷರಗಳೂ ತಿರುಗುಮುರುಗಾಗಿವೆ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದೀರಿ. ಕೆಲವು ಫೋನುಗಳು ಅದರಲ್ಲಿ ತೆಗೆದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಉಳಿಸುತ್ತವೆ. ಅಲ್ಲಿಗೆ ನಿಮ್ಮದು ಬಲಬಾಯಿಯ ಹುಳು, ಲಿಮ್ನಿಯ. ಬೆಂಕಿಪೊಟ್ಟಣ ಇಲ್ಲದಿದ್ದರೆ ತಪ್ಪು ಹೆಸರು ಅಚ್ಚಾಗುತ್ತಿತ್ತು.

ನೋಡುವ ಕ್ರಮ ಹೀಗೆ. ಚಿಪ್ಪಿನ ಮೊನೆ ಆಕಾಶಕ್ಕೆ, ಬಾಯಿ ನಿಮ್ಮ ಮುಖಕ್ಕೆ ಇರುವಂತೆ ಹಿಡಿಯಿರಿ. ಬಾಯಿ ನಿಮ್ಮ ಬಲಗೈ ಕಡೆ ತೆರೆದಿದ್ದರೆ ಲಿಮ್ನಿಯ, ಎಡಗೈ ಕಡೆಗಿದ್ದರೆ ಫೈಸ. ಮೊನೆ ಕೆಳಗೆ ಮಾಡಿ ಹಿಡಿದರೂ ಸುರುಳಿಯ ದಿಕ್ಕು ಬದಲಾಗುವುದಿಲ್ಲ, ಆದರೆ ಬಾಯಿ ಆಚೆ ಬದಿಗೆ ಬಂದು ನೋಡುವವರು ಗೊಂದಲಕ್ಕೆ ಬೀಳುತ್ತಾರೆ. ಆಮೇಲೆ ಜೀವಂತ ಹುಳುವನ್ನು ಗಾಜಿನ ಲೋಟದಲ್ಲಿ ಬಿಟ್ಟು ಹತ್ತು ನಿಮಿಷ ಅಲುಗಾಡಿಸದೆ ಕಾಯಿರಿ. ಲಿಮ್ನಿಯದ ಮೀಸೆ ಅಗಲ, ಚಪ್ಪಟೆ, ತ್ರಿಕೋನದಂತೆ. ಫೈಸದ್ದು ದಾರದೆಳೆಯಂತೆ ಸಣ್ಣ. ಅದರ ಮೈಹೊದಿಕೆಯ ಅಂಚಿನಿಂದ ಬೆರಳಿನಂಥ ಚಾಚುಗಳು ಚಿಪ್ಪಿನ ಮೇಲಕ್ಕೂ ಬಂದಿರುತ್ತವೆ. ಎರಡಕ್ಕೂ ಬಾಯಿಗೆ ಮುಚ್ಚಳವಿಲ್ಲ. ಮುಚ್ಚಳವಿದ್ದರೆ ನೀವು ಕೈಯಲ್ಲಿ ಹಿಡಿದಿರುವುದು ಬೇರೆಯೇ ಗುಂಪಿನ ಹುಳು.

ಫೈಸ ಅಕ್ಯೂಟಕ್ಕೆ ಹೆಸರು ಬಿದ್ದದ್ದು 1805ರಲ್ಲಿ, ಫ್ರಾನ್ಸಿನ ಗರೋನ್ ನದಿಯಿಂದ ಹಿಡಿದ ಹುಳುಗಳಿಗೆ. ಮೂಲ ನೆಲೆ ಮಾತ್ರ ಉತ್ತರ ಅಮೆರಿಕ. ಅಕ್ವೇರಿಯಂ ಗಿಡಗಳ ಜೊತೆ ದೇಶ ದೇಶ ಸುತ್ತಿದೆ. ಕೊಳಕು ನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಆದ್ದರಿಂದ ಅದನ್ನು ಹುಡುಕುವುದಾದರೆ ಪೇಟೆಯ ಚರಂಡಿ ಬಂದು ಸೇರುವ ಕಡೆ ಹುಡುಕಿ.

ಇನ್ನು ನಿಮ್ಮದು ಲಿಮ್ನಿಯದ ಜಾತಿಗಳಲ್ಲಿ ಲ್ಯೂಟಿಯೋಲವೋ, ಅಕ್ಯುಮಿನೇಟವೋ, ಆರಿಕ್ಯುಲೇರಿಯವೋ? ಆರಿಕ್ಯುಲೇರಿಯ ಕಿವಿಯಂತೆ ಅಗಲ ಬಾಯಿಯದ್ದು, ಮೊನೆ ಗಿಡ್ಡ. ಅಕ್ಯುಮಿನೇಟ ಸಪೂರ, ಮೊನೆ ಚೂಪು. ಹೇಳಲು ಸುಲಭ, ಆದರೆ ಒಂದೇ ಕೆರೆಯಲ್ಲಿ ಎಳೆಯದು ಒಂದು ಆಕಾರ, ಬಲಿತದ್ದು ಇನ್ನೊಂದು. ನಿಂತ ನೀರಿನಲ್ಲಿ ಒಂದು, ಹರಿವಿನಲ್ಲಿ ಮತ್ತೊಂದು. ಕೊಡಗಿನಲ್ಲಿ ಇನ್ನೂ ಒಂದು ತೊಡಕಿದೆ. ತೋಟಕ್ಕೆ ಸುಣ್ಣ ಯಾಕೆ ಹಾಕುತ್ತೀರಿ? ಮಣ್ಣು ಹುಳಿ ಎಂದು. ಆ ಮಣ್ಣಿನಿಂದ ಇಳಿಯುವ ನೀರಿನಲ್ಲೂ ಸುಣ್ಣದ ಅಂಶ ಕಮ್ಮಿ. ಹೀಗಾಗಿ ಚಿಪ್ಪು ತೆಳು, ಹಳೆಯ ಚಿಪ್ಪಿನ ತುದಿ ಸವೆದು ಹೋಗಿರುತ್ತದೆ. ತುದಿ ಹೋದ ಚಿಪ್ಪಿನ ಸುತ್ತು ಎಣಿಸಿ ‘ನಾಲ್ಕೇ ಸುತ್ತು, ಬೇರೆ ಜಾತಿ’ ಎನ್ನಬೇಡಿ.

ಒಂದೇ ಜಾಗದ ಹದಿನೈದಿಪ್ಪತ್ತು ಬಲಿತ ಹುಳು ತೆಗೆದುಕೊಂಡು, ವರ್ನಿಯರ್ ಕ್ಯಾಲಿಪರ್‌ನಲ್ಲಿ ಚಿಪ್ಪಿನ ಎತ್ತರ, ಅಗಲ, ಬಾಯಿಯ ಎತ್ತರ, ಬಾಯಿಯ ಅಗಲ ಅಳೆಯಿರಿ. ತುದಿ ಸವೆದವನ್ನು ಬದಿಗಿಡಿ. ಅಳತೆ ಗುಂಪು ಗುಂಪಾಗಿ ಒಡೆದರೆ ಜಾತಿ ಎರಡಿರಬಹುದು ಎಂಬ ಅನುಮಾನಕ್ಕೆ ಅರ್ಥವಿದೆ. ತೀರ್ಮಾನ ಆಗಬೇಕಾದದ್ದು ಹುಳುವನ್ನು ಸೀಳಿ ಜನನಾಂಗ ನೋಡಿದ ಮೇಲೆ, ಇಲ್ಲವೇ ಡಿಎನ್ಎಯಿಂದ. ಫೋಟೊ ನೋಡಿ ಲಿಮ್ನಿಯದ ಜಾತಿ ಖಂಡಿತ ಮಾಡುವವರನ್ನು ನಂಬಬೇಡಿ, ಆ್ಯಪ್ ಆದರೂ ಸರಿ, ಪ್ರೊಫೆಸರ್ ಆದರೂ ಸರಿ.

ದನದ ವಿಚಾರ. ನಮ್ಮ ದೇಶದಲ್ಲಿ ಲಿವರ್ ಜಂತುವಿಗೆ ಮುಖ್ಯ ಆಸರೆ ಲಿಮ್ನಿಯ ಆರಿಕ್ಯುಲೇರಿಯ. ಜಂತುವಿನ ಮರಿ ಹುಳುವಿನಿಂದ ಹೊರಬಿದ್ದು ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತದೆ, ದನ ಅದನ್ನು ಮೇಯುತ್ತದೆ. ಹಾಗಾಗಿ ಕೆರೆಯಂಚಿನ ಹುಲ್ಲು ಕೊಯ್ದು ಹಾಕುವುದನ್ನು ನಿಲ್ಲಿಸಿ. ಗೊರಕೆ ರೋಗದ ಆಸರೆ ಮುಖ್ಯವಾಗಿ ಇಂಡೊಪ್ಲಾನಾರ್ಬಿಸ್, ಚಕ್ಕುಲಿಯಂತೆ ಒಂದೇ ಮಟ್ಟದಲ್ಲಿ ಸುತ್ತಿದ ಹುಳು. ಅಲ್ಲಿ ಮರಿ ನೇರ ಚರ್ಮ ಕೊರೆದು ಒಳಹೋಗುತ್ತದೆ, ಆದ್ದರಿಂದ ದನ ನೀರಿಗಿಳಿಯದಂತೆ ಬೇಲಿ ಹಾಕಿ, ನೀರನ್ನು ತೊಟ್ಟಿಗೆ ಎತ್ತಿ ಕುಡಿಸಿ. ಇಂಡೊಪ್ಲಾನಾರ್ಬಿಸ್‌ನ ಎಳೆಯ ಹುಳುವನ್ನು ಗೈರಾಲಸ್ ಎಂಬ ಬೇರೆ ಹುಳು ಎಂದು ಬಿಟ್ಟುಬಿಡುವವರು ಬಹಳ. ಗೈರಾಲಸ್ ನಾಣ್ಯದಂತೆ ಚಪ್ಪಟೆ, ಎತ್ತರ ಅಗಲದ ಕಾಲು ಭಾಗದ ಆಸುಪಾಸು, ಬಲಿತರೂ ಒಂದು ಸೆಂಟಿಮೀಟರ್ ದಾಟುವುದಿಲ್ಲ. ಇಂಡೊಪ್ಲಾನಾರ್ಬಿಸ್ ಎಳೆಯದಾದರೂ ದಪ್ಪ, ಎತ್ತರ ಅಗಲದ ಅರ್ಧಕ್ಕೆ ಹತ್ತಿರ, ಕೊನೆಯ ಸುತ್ತು ಏಕಾಏಕಿ ಹಿಗ್ಗಿರುತ್ತದೆ. ಬಲಿತಾಗ ಎರಡು ಸೆಂಟಿಮೀಟರ್ ಮುಟ್ಟುತ್ತದೆ.

ಕೆರೆಯಲ್ಲಿ ಹುಳು ಕಂಡಿತೆಂದು ದನಕ್ಕೆ ಔಷಧಿ ಕುಡಿಸಬೇಡಿ. ಎಲ್ಲ ಹುಳುವಿನಲ್ಲೂ ಜಂತು ಇರುವುದಿಲ್ಲ. ಪಶುವೈದ್ಯರಿಗೆ ಸಗಣಿ ಮತ್ತು ಮೂಗಿನ ಸಿಂಬಳ ಕೊಡಿ. ಗೊರಕೆ ರೋಗದ ಜಂತುವಿನ ಮೊಟ್ಟೆ ಬೂಮರಾಂಗ್‌ನಂತೆ ಬಾಗಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ತಪ್ಪಿಸಿಕೊಳ್ಳಲಾರದು. ಬರಿಗೈಯಲ್ಲಿ ಹುಳು ಆರಿಸಲೂ ಬೇಡಿ. ನಾಟಿಗಿಳಿದವರ ಕಾಲಿಗೆ ಬರುವ ತುರಿಕೆಗೆ ಜಂತುವಿನ ಇಂಥ ಮರಿಗಳೂ ಒಂದು ಕಾರಣ. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಸೋಮವಾರಪೇಟೆಯಿಂದ: ಮೈಲುತುತ್ತು ಹಾಕಿ ಕೆರೆಯ ಹುಳು ಕೊಲ್ಲಬಹುದೇ?

ಮೀನೂ ಸಾಯುತ್ತದೆ. ಮೈಲುತುತ್ತಿನಲ್ಲಿರುವ ತಾಮ್ರದ ವಿಷ ಗಡಸು ನೀರಿಗಿಂತ ನಮ್ಮಲ್ಲಿಯಂಥ, ಸುಣ್ಣ ಕಮ್ಮಿಯಿರುವ ಮೆದು ನೀರಿನಲ್ಲಿ ಹೆಚ್ಚು ಏರುತ್ತದೆ. ಅಂಗಡಿಯವರು ಹೇಳುವ ‘ಒಂದು ಹಿಡಿ’ ಎಂಬುದು ಅಳತೆಯಲ್ಲ.

ಗದ್ದೆಯಲ್ಲಿ ನಿಂಬೆಹಣ್ಣಿನ ಗಾತ್ರದ ಹುಳು. ಆಫ್ರಿಕನ್ ಬಸವನಹುಳು ತೋಟದಿಂದ ಇಳಿದು ಬಂತೇ?

ಬಾಯಿಗೆ ಗಟ್ಟಿ ಮುಚ್ಚಳ ಇದೆಯಲ್ಲ, ಅದು ಪೈಲ, ಇಲ್ಲಿಯದೇ. ಆಫ್ರಿಕನ್‌ಗೆ ಅಂಥ ಮುಚ್ಚಳವಿಲ್ಲ, ಚಿಪ್ಪು ಉದ್ದ ಶಂಕು, ನೀರಿನಲ್ಲಿ ಬಾಳುವುದೂ ಇಲ್ಲ. ಗದ್ದೆ ನೀರಿಗೆ ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಎರಚಿದವರು ಏಡಿ, ಮೀನಿನ ಗತಿಯನ್ನೂ ಯೋಚಿಸಿ.

ಮುಚ್ಚಳವಿರುವ ಹುಳುಗಳಲ್ಲಿ ಬೆಲ್ಲಾಮಿಯದ ಮರಿಗೂ ಬಿತೀನಿಯಕ್ಕೂ ವ್ಯತ್ಯಾಸ?

ಒಳ್ಳೆಯ ಪ್ರಶ್ನೆ. ಮುಚ್ಚಳವನ್ನು ಚಿಮುಟದಲ್ಲಿ ಬಿಡಿಸಿ, ಒರೆಸಿ, ಗಾಜಿನ ಮೇಲಿಟ್ಟು ಒಂದು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಸುಣ್ಣದ ಮುಚ್ಚಳ, ಬಿತೀನಿಯ. ಏಳದಿದ್ದರೆ ಕೊಂಬಿನಂಥ ಮುಚ್ಚಳ, ಬೆಲ್ಲಾಮಿಯ. ಹನಿ ಚಿಪ್ಪಿಗೆ ತಾಗಬಾರದು, ಚಿಪ್ಪು ಎರಡರದ್ದೂ ಸುಣ್ಣವೇ.

ಹಸಿ ಬಸವನಹುಳು ನುಂಗಿದರೆ ಮೂಲವ್ಯಾಧಿ ವಾಸಿಯೇ?

ಇಲ್ಲ. ಇಲಿಯ ಶ್ವಾಸಕೋಶದ ಜಂತು ಹಸಿ ಹುಳುವಿನಿಂದ ಮನುಷ್ಯರ ಮಿದುಳಿಗೆ ಏರಬಲ್ಲದು. ಇದನ್ನು ಮದ್ದೆಂದು ಮಾರುವವರು ಮೊದಲು ತಾವೇ ಒಂದು ವಾರ ನುಂಗಿ ತೋರಿಸಲಿ.

ಮಾದರಿ ಕಳಿಸುವುದಾದರೆ ಫಾರ್ಮಲಿನ್‌ನಲ್ಲಿ ಹಾಕಲೇ?

ಬೇಡ. ಫಾರ್ಮಲಿನ್ ಹುಳಿಯಾಗಿ ಚಿಪ್ಪು ತಿನ್ನುತ್ತದೆ, ಡಿಎನ್ಎಯನ್ನೂ ಕೆಡಿಸುತ್ತದೆ. ಅದೇ ಕೆರೆಯ ನೀರಿಗೆ ನಾಲ್ಕು ಹರಳು ಮೆಂಥಾಲ್ ತೇಲಿಬಿಟ್ಟು ರಾತ್ರಿಯಿಡೀ ಮುಚ್ಚಿಡಿ. ಮೈ ಹೊರಚಾಚಿ ಮುಟ್ಟಿದರೂ ಅಲುಗದಿದ್ದಾಗ, ಸೀಳಿ ನೋಡಲಿಕ್ಕಾದರೆ 70 ಪ್ರತಿಶತ ಆಲ್ಕೊಹಾಲ್, ಡಿಎನ್ಎಗಾದರೆ 95. ನೇರ ಆಲ್ಕೊಹಾಲ್‌ಗೆ ಎಸೆದರೆ ಹುಳು ಒಳಗೆ ಮುದುಡಿ ಯಾವುದಕ್ಕೂ ಬಾರದು. ಫೋಟೊಗೆ ಮಿಲಿಮೀಟರ್ ಸ್ಕೇಲ್ ಇಡಿ, ರೂಪಾಯಿ ನಾಣ್ಯ ಬೇಡ. ಹಳೆಯದು 25 ಮಿಲಿಮೀಟರ್, 2011ರ ನಂತರದ್ದು ಸುಮಾರು 22. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಶೀಶೆಯ ಒಳಗೆ ಹಾಕಿ. ಹೊರಗೆ ಅಂಟಿಸಿದ ಬಾಲ್‌ಪೆನ್ ಬರಹ ಆಲ್ಕೊಹಾಲ್ ಸೋರಿದರೆ ಅಳಿಸಿಹೋಗುತ್ತದೆ.