ಮತ್ತಾಯ 23:35ರ ಜೆಕರ್ಯ ಯಾರು?

ಒಂದೇ ಹೆಸರಿನ ಇಬ್ಬರಿರುವುದೇ ನಿಮ್ಮ ಗೊಂದಲಕ್ಕೆ ಕಾರಣ ಇರಬೇಕು. ದೇವಾಲಯದಲ್ಲಿ ಕೊಲೆಯಾದ ಜೆಕರ್ಯನನ್ನು ಮತ್ತಾಯ 23:35ರಲ್ಲಿ ಯೇಸು ಬೆರಕ್ಯನ ಮಗ ಅನ್ನುತ್ತಾನೆ, ಆದರೆ ಹಳೆಯ ಒಡಂಬಡಿಕೆಯಲ್ಲಿ ಆ ಕೊಲೆ ಸಿಗುತ್ತಿಲ್ಲ ಅಂದಿರಿ.

ಮೊದಲು 2 ಪೂರ್ವಕಾಲವೃತ್ತಾಂತ 24:20-22 ಓದಿ. ಅಲ್ಲಿ ಯಾಜಕ ಯೆಹೋಯಾದನ ಮಗ ಜೆಕರ್ಯ ಜನರನ್ನು ಎಚ್ಚರಿಸುತ್ತಾನೆ. ಅರಸ ಯೋವಾಷನ ಅಪ್ಪಣೆಯಂತೆ ದೇವಾಲಯದ ಅಂಗಳದಲ್ಲೇ ಕಲ್ಲೆಸೆದು ಕೊಲ್ಲುತ್ತಾರೆ. ಯೋವಾಷನನ್ನು ಸಿಂಹಾಸನಕ್ಕೆ ಕೂರಿಸಿದ್ದೇ ಈ ಯೆಹೋಯಾದ, ಎಂಥ ಕೃತಘ್ನತೆ ಅಲ್ವಾ! ಆಮೇಲೆ ಜೆಕರ್ಯ 1:1 ನೋಡಿ. ಬೆರಕ್ಯನ ಮಗ ಇವನು, ಶತಮಾನಗಳ ನಂತರದ ಪ್ರವಾದಿ. ಕೊನೆಗೆ ಯೇಸುವಿನ ಇದೇ ಮಾತಿರುವ ಲೂಕ 11:51. ಅಲ್ಲಿ ತಂದೆಯ ಹೆಸರೇ ಇಲ್ಲ.

ನನ್ನ ಪ್ರಕಾರ ಯೇಸು ಹೇಳಿದ್ದು ಯೆಹೋಯಾದನ ಮಗನನ್ನೇ. ಹೀಬ್ರೂ ಬೈಬಲ್ಲಿನ ಸಾಮಾನ್ಯ ಕ್ರಮದಲ್ಲಿ ಪೂರ್ವಕಾಲವೃತ್ತಾಂತವೇ ಕೊನೆ, ಹಾಗಾಗಿ ಅದೇ ವಚನದ ‘ಹೇಬೆಲನಿಂದ ಜೆಕರ್ಯನವರೆಗೆ’ ಅಂದರೆ, ಮೊದಲ ಪುಸ್ತಕ ಆದಿಕಾಂಡದಲ್ಲಿ ಕೊಲೆಯಾದ ಹೇಬೆಲನಿಂದ ಕೊನೆಯ ಪುಸ್ತಕದ ಜೆಕರ್ಯನವರೆಗೆ, ಮೊದಲಿಂದ ಕೊನೆಯವರೆಗೆ. ಮತ್ತಾಯದಲ್ಲಿ ಬೆರಕ್ಯ ಹೇಗೆ ಬಂದ ಅನ್ನೋದರಲ್ಲಿ ಮಾತ್ರ ವಿದ್ವಾಂಸರಿಗೇ ಒಮ್ಮತವಿಲ್ಲ.