ಹಳೆಯ ಇಂಗ್ಲಿಷ್ ಕುಣಿತಕ್ಕೆ ಹೋಗಲೇ ಎಂದು ಕೇಳಿದವರಿಗೆ

ಲಂಡನ್ನಿಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಳೆಯದ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಮನೆಯ ಹತ್ತಿರದ ಚರ್ಚ್ ಹಾಲಿನಲ್ಲಿ ವಾರಕ್ಕೊಮ್ಮೆ ನಡೆಯುವ ‘ಪ್ಲೇಫೋರ್ಡ್’ ಕುಣಿತಕ್ಕೆ ನಮ್ಮಂಥವರು ಹೋಗಬಹುದೇ, ಹೋದರೂ ಅವರ ಹಿರಿಯರಿಂದ ಬಂದ ಸಂಗತಿಯ ನಡುವೆ ನಾವು ಹೊರಗಿನವರಾಗಿಯೇ ಉಳಿಯುವುದಿಲ್ಲವೇ ಎಂದು. ಅಗತ್ಯವಾಗಿ ಹೋಗಿ. ಎರಡನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಆ ಹಾಲಿನಲ್ಲಿ ನಡೆಯುವ ಕುಣಿತ ನೀವು ಅಂದುಕೊಂಡಂತೆ ತಲೆಮಾರಿನಿಂದ ತಲೆಮಾರಿಗೆ ಕೈಬದಲಾಗಿ ಬಂದದ್ದಲ್ಲ.

ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫೋರ್ಡ್ 1651ರಲ್ಲಿ ನೂರಕ್ಕೂ ಹೆಚ್ಚು ಕುಣಿತಗಳ ಸೂಚನೆಗಳನ್ನೂ ಅವುಗಳ ರಾಗಗಳನ್ನೂ ಒಂದು ಪುಸ್ತಕವಾಗಿ ಅಚ್ಚುಹಾಕಿದರು. ಅದು ಮುಂದಿನ ಮುಕ್ಕಾಲು ಶತಮಾನ ಹಿಗ್ಗುತ್ತ, ಬದಲಾಗುತ್ತ ಮತ್ತೆ ಮತ್ತೆ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ವಾಡ್ರಿಲ್, ವಾಲ್ಟ್ಸ್ ಎಂಬ ಹೊಸ ಕುಣಿತಗಳು ಬಂದ ಮೇಲೆ ಈ ಕುಣಿತಗಳಲ್ಲಿ ಬಹುಪಾಲು ಮರೆತೇ ಹೋದವು. 1911ರಲ್ಲಿ ಇಂಗ್ಲಿಷ್ ಫೋಕ್ ಡ್ಯಾನ್ಸ್ ಸೊಸೈಟಿಯನ್ನು ಸ್ಥಾಪಿಸಿದ ಸೆಸಿಲ್ ಶಾರ್ಪ್ ಅವರು ಪ್ಲೇಫೋರ್ಡ್ ಪುಟಗಳನ್ನು ಎದುರಿಗಿಟ್ಟುಕೊಂಡು ಆ ಕುಣಿತಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದಾಗ, ಹಾಗೆ ಕುಣಿದದ್ದನ್ನು ಕಣ್ಣಾರೆ ಕಂಡವರು ಯಾರೂ ಉಳಿದಿರಲಿಲ್ಲ. ಆದ್ದರಿಂದ ಆ ಹಾಲಿನಲ್ಲಿರುವ ಪ್ರತಿಯೊಬ್ಬರೂ ಅದನ್ನು ನಿಮ್ಮಂತೆಯೇ ಹೊರಗಿನಿಂದ ಬಂದು ಕಲಿತವರು.

ಪುಸ್ತಕ ಹೇಳುವುದು ಎಷ್ಟು ಕಡಿಮೆ ಎಂಬುದನ್ನು ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. ‘ಡಬಲ್’ ಎಂದರೆ ಮುಂದಕ್ಕೋ ಹಿಂದಕ್ಕೋ ನಾಲ್ಕು ಹೆಜ್ಜೆಯಿಟ್ಟು ಎರಡೂ ಪಾದಗಳನ್ನು ಕೂಡಿಸುವುದು ಎಂದು ಅದರಲ್ಲಿದೆ. ಯಾವ ಕಾಲು ಮೊದಲು, ಹೆಜ್ಜೆ ಜಿಗಿತದ್ದೋ ನಡಿಗೆಯದ್ದೋ ಎಂಬುದಿಲ್ಲ. ಹಲವು ಕುಣಿತಗಳಲ್ಲಿ ‘ಸೈಡ್ಸ್ ಆಲ್’ ಎಂಬ ಸೂಚನೆ ಬರುತ್ತದೆ, ಅದಕ್ಕೂ ವಿವರಣೆಯಿಲ್ಲ. ಜೋಡಿಯ ಇಬ್ಬರೂ ಎಡಭುಜದ ಬದಿಯಿಂದ ಬಾಗಿ ಹಾದು ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗಿ, ಬಂದ ದಾರಿಯಲ್ಲೇ ಮರಳುವುದು ಎಂದು ಶಾರ್ಪ್ ಊಹಿಸಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕುಣಿತ ಸಂಯೋಜಕ ಪ್ಯಾಟ್ ಶಾ ಅದನ್ನು ಬೇರೆಯಾಗಿ ಓದಿದರು: ನಾಲ್ಕು ಹೆಜ್ಜೆ ಮುಂದೆ ಬಂದು ಬಲಭುಜಕ್ಕೆ ಬಲಭುಜ ಸಮೀಪಿಸಿ ನಿಂತು, ನಾಲ್ಕು ಹೆಜ್ಜೆ ಹಿಂದೆ ಸರಿಯುವುದು, ಮುಂದಿನ ಸಲ ಎಡಭುಜ. ನನಗೆ ಶಾ ಅವರ ಓದೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಜಾಗ ಬದಲಿಸಬೇಕೆಂದು ಪುಸ್ತಕ ಅಲ್ಲಿ ಸೂಚಿಸುವುದಿಲ್ಲ. ಆದರೂ ಶಾರ್ಪ್ ಅವರ ಬಾಗುದಾರಿ ಕುಣಿಯಲು ಎಷ್ಟು ಹಿತವೆಂದರೆ, ಅದಕ್ಕೆ ಈಗ ನೂರು ವರ್ಷಗಳ ಸ್ವಂತ ಇತಿಹಾಸವೇ ಇದೆ. ಅದನ್ನು ಬಿಡಿಸಬೇಕೆಂದು ನಾನು ವಾದಿಸುವುದಿಲ್ಲ.

ಇನ್ನೊಂದು ತೊಡಕು ಇಂದಿನ ಜನರ ತಾಳ್ಮೆಗೆ ಸಂಬಂಧಿಸಿದ್ದು. ಎರಡು ಉದ್ದ ಸಾಲುಗಳಲ್ಲಿ ಎದುರುಬದುರು ನಿಂತು ಕುಣಿಯುವಾಗ, ಹಿಂದೆ ಮೇಲ್ತುದಿಯ ಜೋಡಿ ಮಾತ್ರ ಆರಂಭಿಸಿ, ಕೋಲಾಟದಲ್ಲಿ ಎದುರಾಳಿ ಬದಲಾಗುತ್ತ ಹೋಗುವಂತೆ ಒಂದೊಂದೇ ಜೋಡಿಯನ್ನು ದಾಟುತ್ತ ಕೆಳಗಿಳಿಯುತ್ತಿತ್ತು. ಉಳಿದವರು ತಮ್ಮ ಸರದಿ ಬರುವವರೆಗೆ ನಿಂತಿರುತ್ತಿದ್ದರು. ಇಂದು ಎಲ್ಲರೂ ಒಮ್ಮೆಗೇ ಆರಂಭಿಸುತ್ತಾರೆ. ಮೂರು ಮೂರು ಜೋಡಿಗಳ ಗುಂಪಿನಲ್ಲಿ ಕುಣಿಯಬೇಕಾದ ಉದ್ದಸಾಲಿನ ಕುಣಿತಗಳನ್ನಂತೂ ಹಲವರು ಮೂರೇ ಜೋಡಿಯ ಚಿಕ್ಕ ಸೆಟ್ಟಿಗೆ ಒಗ್ಗಿಸಿ, ಪ್ರತಿ ಜೋಡಿಗೂ ಒಮ್ಮೆ ಮುಂದಾಳುತನ ಸಿಗುವಂತೆ ಮಾಡಿದ್ದಾರೆ. ಇಂಥ ಹೊಂದಾಣಿಕೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಸೂಚನೆ ಕೂಗುವ ಕಾಲರ್ ಅದನ್ನು ಮೊದಲೇ ತಿಳಿಸಲಿ ಎಂಬುದಷ್ಟೇ ನನ್ನ ಅಪೇಕ್ಷೆ.

ನಿಮಗೆ ಬೇಗ ಎದುರಾಗುವ ಕುಣಿತ ಬಹುಶಃ ‘ಹೋಲ್ ಇನ್ ದಿ ವಾಲ್’. ಅದರ ರಾಗ ಸಂಗೀತ ರಚನೆಕಾರ ಹೆನ್ರಿ ಪರ್ಸೆಲ್ 1695ರಲ್ಲಿ ಒಂದು ನಾಟಕಕ್ಕಾಗಿ ಬರೆದ ಹಾರ್ನ್‌ಪೈಪ್, ಅಂದರೆ ಒಂದು ಬಗೆಯ ಕುಣಿತದ ರಾಗ. ಕೆಲವೇ ವರ್ಷಗಳಲ್ಲಿ ಅದು ಕುಣಿತದ ಪುಸ್ತಕ ಸೇರಿತು. ಓರೆಯಾಗಿ ಎದುರಿರುವ ಇಬ್ಬರು ಜಾಗ ಬದಲಿಸಲು ಅದರಲ್ಲಿ ಆರು ಹೆಜ್ಜೆಗಳ ಅವಕಾಶವಿದೆ. ಹೊಸಬರು ಮೂರು ನಾಲ್ಕರಲ್ಲೇ ದಾಟಿ ಆಚೆ ಬದಿಯಲ್ಲಿ ಸುಮ್ಮನೆ ನಿಂತುಬಿಡುತ್ತಾರೆ. ಮಧ್ಯದಲ್ಲಿ ಭುಜ ತಿರುಗಿಸಿ, ಎದುರಿನವರ ಮುಖ ನೋಡುತ್ತ, ಆರನೆಯ ಹೆಜ್ಜೆಗೆ ಸರಿಯಾಗಿ ಜಾಗ ಸೇರಿದರೆ ರಾಗದ ಸಾಲೂ ಅಲ್ಲಿಯೇ ಮುಗಿದಿರುತ್ತದೆ. ಇಂದು ಕೆಲವೆಡೆ ಅದನ್ನು ತೀರಾ ಎಳೆದು ನುಡಿಸುವುದು ನನಗೆ ಸಮ್ಮತವಲ್ಲ. ಹಾರ್ನ್‌ಪೈಪಿಗೆ ಅದರದೇ ಆದ ಚುರುಕಿದೆ.

ರೀಜೆಂಟ್ಸ್ ಪಾರ್ಕ್ ರಸ್ತೆಯಲ್ಲಿ 1930ರಲ್ಲಿ ತೆರೆದ, ಜನಪದ ಕುಣಿತ ಮತ್ತು ಸಂಗೀತದ ಕೇಂದ್ರವಾದ ಸೆಸಿಲ್ ಶಾರ್ಪ್ ಹೌಸ್ ಇದೆ. ಅದರೊಳಗಿನ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬನ್ನಿ. ಕುಣಿದ ಮೇಲೆ ಆ ಹಳೆಯ ಸೂಚನೆಗಳನ್ನು ಓದಿದರೆ, ಕಾಲರ್ ಹೇಳಿಕೊಟ್ಟದ್ದರಲ್ಲಿ ಮುದ್ರಿತವಾದದ್ದೆಷ್ಟು, ಊಹೆಯೆಷ್ಟು ಎಂಬುದು ನಿಮಗೇ ಕಾಣುತ್ತದೆ. ಹಾಲಿಗೆ ಒಬ್ಬರೇ ಹೋದರೂ ತೊಂದರೆಯಿಲ್ಲ, ಪ್ರತಿ ಕುಣಿತಕ್ಕೂ ಜೊತೆಗಾರರನ್ನು ಬದಲಿಸುವುದು ಅಲ್ಲಿಯ ರೂಢಿ. ಜಾರದ, ಮೆತ್ತನೆಯ ಅಡಿಯಿರುವ ಷೂ ಹಾಕಿಕೊಳ್ಳಿ. ಕಾಲರ್ ‘ಸೈಡಿಂಗ್’ (ಅದೇ ‘ಸೈಡ್ಸ್’ ಚಲನೆ) ಎಂದಾಗ ಶಾರ್ಪ್ ಅವರದೋ ಶಾ ಅವರದೋ ಎಂದು ಕೇಳಲು ಸಂಕೋಚಪಡಬೇಡಿ. ವರ್ಷಗಳಿಂದ ಕುಣಿಯುವವರೂ ಅದನ್ನು ಕೇಳಿಯೇ ಕಾಲೆತ್ತುತ್ತಾರೆ.